ಐದಡಿ ಕೋಣೆ, ಒಂದು ಕುದುರೆಯ ಸಾಮಾನು, ಒಂದು ಸ್ಟ್ಯಾಂಡು

ಗೋಳಗುಮ್ಮಟ ನೋಡಲು ಬಂದವರಿಗೆ ನಾನು ದಿನಾ ಹೇಳುವ ಮಾತೊಂದಿದೆ: ಹೊರಗಿನ ಅಡ್ಡಳತೆ 44 ಮೀಟರ್ ಇರುವ ಗುಮ್ಮಟ, ಒಳಗೆ ಒಂದೂ ಕಂಬ ಇಲ್ಲ. ಟಾಂಗಾ ಬಿಟ್ಟು ಮನೆಗೆ ಬಂದರೆ ನಮ್ಮದು ಐದಡಿ ಅಗಲ, ಏಳಡಿ ಉದ್ದದ, ಮೇಲೆ ತಗಡು ಹೊದಿಸಿದ ಕೋಣೆ. ಅದರ ನಟ್ಟನಡುವೆ ಒಂದು ಕಂಬ! ಕುದುರೆಯ ಸಾಮಾನೆಲ್ಲ ಅಲ್ಲೇ ಇರಬೇಕು. ಜೀನು, ಲಗಾಮು, ಕಣ್ಣುಪಟ್ಟಿ, ಎದೆಪಟ್ಟಿ, ಗೊರಸು ಕೆರೆಯುವ ಕೊಕ್ಕೆ, ಬ್ರಷ್, ಹುರುಳಿ, ಬೂಸಾ. ಜೊತೆಗೆ ಅಪ್ಪ ಬಿಸಾಡಲು ಬಿಡದ ಹಳೇ ಲಾಳಗಳ ಡಬ್ಬಿ.

ಅಪ್ಪನ ಕಾಲದಿಂದಲೂ ಎಲ್ಲ ಒಂದೇ ಮೊಳೆಗೆ. ಮೊಳೆಗೆ ತೂಗಿದ ಲಗಾಮು ದಿನಾ ಅದೇ ಜಾಗದಲ್ಲಿ ಮಡಿಚಿಕೊಳ್ಳುತ್ತದೆ, ಅಲ್ಲೇ ಚರ್ಮ ಸೀಳುತ್ತದೆ. ಹೋದ ವರ್ಷ ಇಬ್ರಾಹಿಂ ರೋಜಾ ಕಡೆ ಹೊರಟಾಗ ಅಲ್ಲೇ ಕಿತ್ತಿತು. ಗಾಡಿಯಲ್ಲಿ ನಾಲ್ಕು ಜನ. ನಮ್ಮ ಕುದುರೆ ಹೀರಾ ಜಾಣೆ, ಕೂಗಿದ ಕೂಡಲೇ ನಿಂತಳು. ಆ ದಿನವೇ ಮೊಳೆಗೆ ಕೈಮುಗಿದೆ.

ಮೊದಲು ಆನ್‌ಲೈನ್‌ನಲ್ಲಿ ಅಂಟಿಸುವ ಪ್ಲಾಸ್ಟಿಕ್ ಹುಕ್ಕು ತರಿಸಿದೆ. ಸುಣ್ಣದ ಗೋಡೆಗೆ ಅದು ಹಿಡಿಯುತ್ತಾ? ಮೂರನೇ ರಾತ್ರಿ ಎಲ್ಲ ಒಟ್ಟಿಗೆ ಕೆಳಗೆ. ಸದ್ದಿಗೆ ಹೀರಾ ಬೆದರಿ ಬಾಗಿಲಿಗೆ ಒದ್ದಳು. ಹುಕ್ಕಿಗಿಂತ ಬಾಗಿಲ ರಿಪೇರಿಗೇ ಜಾಸ್ತಿ ಖರ್ಚಾಯಿತು.

ಆಮೇಲೆ ಸಾಮಾನಿಗೆಲ್ಲ ಒಂದು ಸ್ಟ್ಯಾಂಡು ಮಾಡಿಸಲು ನಮ್ಮ ಓಣಿಯ ಹಿಂದಿನ ವೆಲ್ಡಿಂಗ್ ಅಂಗಡಿಗೆ ಹೋದೆ. ನಾಲ್ಕು ದಿನ ಅಂದವರು ಹನ್ನೊಂದು ದಿನ ಮಾಡಿದರು, ಅದೊಂದು ಸಿಟ್ಟು ಇದ್ದೇ ಇದೆ. ಆದರೆ ಅಲ್ಲಿನ ಮಾಮಾ ಕೇಳಿದ ಒಂದೇ ಪ್ರಶ್ನೆಗೆ ನಾನು ಆ ಸಿಟ್ಟನ್ನು ಅರ್ಧ ಬಿಟ್ಟೆ. "ತಮ್ಮಾ, ಸಂಜಿಕ ಬಂದ ಮ್ಯಾಲ ಕುದುರಿ ಮೈಮ್ಯಾಲಿಂದ ಮೊದಲ ಏನ್ ತಗೀತಿ?" ಹೇಳಿದೆ. ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ಬರೆದುಕೊಂಡರು. ಬಾಗಿಲಿನಿಂದ ಒಳಕ್ಕೆ ಅದೇ ಸಾಲಿನಲ್ಲಿ ಜಾಗ ಮಾಡಿಕೊಟ್ಟರು. ಈಗ ಕರೆಂಟ್ ಹೋದರೂ ನನ್ನ ಕೈಗೆ ದಾರಿ ಗೊತ್ತು.

ಸ್ಟ್ಯಾಂಡು ಒಂದಿಂಚು ಚೌಕದ ಪೈಪಿನದು. ಜೀನಿಗೆ ಮೇಲ್ಭಾಗ ಕುದುರೆಯ ಬೆನ್ನಿನ ಹಾಗೆ ದುಂಡಗೆ, ಹಾಗಾಗಿ ಜೀನು ಒಂದು ಕಡೆ ಕುಸಿಯುವುದಿಲ್ಲ. ಕೆಳಗಿನಿಂದ ಗಾಳಿಯೂ ಆಡುತ್ತದೆ, ಬೆವರು ಬೆಳಗಾಗುವಷ್ಟರಲ್ಲಿ ಆರಿರುತ್ತದೆ. ಲಗಾಮಿಗೆ ಹುಕ್ಕೇ ಇಲ್ಲ. ನಾಲ್ಕಿಂಚಿನ ಪಿವಿಸಿ ಪೈಪಿನ ತುಂಡುಗಳನ್ನು ಕಬ್ಬಿಣದ ಪಟ್ಟಿಗೆ ಬೋಲ್ಟ್ ಹಾಕಿದ್ದಾರೆ. ಚರ್ಮ ಅದರ ಮೇಲೆ ದುಂಡಗೆ ಕೂರುತ್ತದೆ, ಮಡಿಕೆ ಬೀಳುವುದಿಲ್ಲ. ಇಷ್ಟು ದಿನ ಅಡ್ಡ ಅನ್ನಿಸಿದ ಕಂಬಕ್ಕೂ ಎರಡು ಬಳೆ ಬಿಗಿದಿದ್ದಾರೆ, ಬ್ರಷ್ ಮತ್ತು ಕೊಕ್ಕೆ ಅಲ್ಲಿ. ಒಟ್ಟು 2,800 ರೂಪಾಯಿ. ಕೊಟ್ಟಿದ್ದಕ್ಕೆ ಮೋಸವಿಲ್ಲ.

ತಪ್ಪೂ ಇದೆ. ಬಣ್ಣ ಪೂರ್ತಿ ಒಣಗುವ ಮೊದಲೇ ತಂದುಕೊಟ್ಟರು. ಜೀನಿನ ಒಳಗಿನ ಬಟ್ಟೆಗೆ ರೆಡ್ ಆಕ್ಸೈಡ್ ಹತ್ತಿ, ಒಂದು ವಾರ ಹೀರಾಳ ಬೆನ್ನು ಯಾರೋ ಕುಂಕುಮ ಹಚ್ಚಿದ ಹಾಗಿತ್ತು. ಇನ್ನೊಂದು, ಮೇಲಿನ ಸಾಲು ತಗಡಿಗೆ ಒಂದಡಿ ದೂರ ಅಷ್ಟೇ. ವಿಜಯಪುರದ ಏಪ್ರಿಲ್ ಬಿಸಿಲು ಗೊತ್ತಲ್ವಾ? ಎದೆಪಟ್ಟಿ ಹಪ್ಪಳದ ಹಾಗೆ ಸೆಟೆದುಕೊಂಡಿತು. ಅಪ್ಪ ನಾಲ್ಕು ದಿನ ಎಣ್ಣೆ ತಿಕ್ಕಿ ಮೆತ್ತಗೆ ಮಾಡಿದ, ನನ್ನನ್ನು ಬೈಯುತ್ತಲೇ. ಕೊನೆಗೆ ಅಂಗಡಿಯವರು ಸ್ಟ್ಯಾಂಡಿನ ಕಾಲುಗಳನ್ನು ಎಂಟಿಂಚು ಕತ್ತರಿಸಿಕೊಟ್ಟರು, ಅದಕ್ಕೆ 200 ರೂಪಾಯಿ ಬೇರೆ. ಕೇಳಬಾರದಿತ್ತು ಅನ್ನಿಸಿತು, ಆದರೂ ಕೊಟ್ಟೆ.

ಹುರುಳಿ, ಬೂಸಾಕ್ಕೆ ಸ್ಟ್ಯಾಂಡಿನ ಕೆಳಗೇ ಎರಡು ನೀಲಿ ಡ್ರಮ್ಮು, ಮುಚ್ಚಳಕ್ಕೆ ಕ್ಲಿಪ್ಪಿದೆ. ಮೊದಲು ಚೀಲದಲ್ಲಿಟ್ಟಾಗ ಕಾಳು ತಿನ್ನಲು ಬಂದ ಇಲಿ, ಬೆವರಿನ ಉಪ್ಪಿಗೆ ಚರ್ಮವನ್ನೂ ಕಡಿಯುತ್ತಿತ್ತು. ಈಗ ಇಲ್ಲ. ಲಾಳದ ಡಬ್ಬಿಗೆ ಮಾತ್ರ ಇನ್ನೂ ಜಾಗ ಸಿಕ್ಕಿಲ್ಲ, ಬಾಗಿಲ ಹತ್ತಿರ ಕೂತಿದೆ, ವಾರಕ್ಕೊಮ್ಮೆ ನನ್ನ ಕಾಲಿಗೆ ತಾಗುತ್ತದೆ.

ಇಂಥದ್ದು ಮಾಡಿಸುವವರು ಅಳತೆ ಬಾಯಲ್ಲಿ ಹೇಳಬೇಡಿ. ಜೀನನ್ನೇ ಹೆಗಲ ಮೇಲೆ ಹಾಕಿಕೊಂಡು ಅಂಗಡಿಗೆ ಹೋಗಿ. ನಾನು ಗೇಣು ಲೆಕ್ಕ ಹೇಳಿದ್ದೆ. ಮಾಮಾನ ಗೇಣು ನನ್ನದಕ್ಕಿಂತ ದೊಡ್ಡದು.