ಕೆಟ್ಟ ಸಿನಿಮಾಗೆ ಮೂವರು ಒಳ್ಳೆ ಜೊತೆಗಾರರು

ಕಾಲು ಮುರಿದು ಮೂರು ವಾರ ಮಲಗಿದ್ದಾಗ ತಂಗಿ ನನಗೆ ‘ಮಿಸ್ಟರಿ ಸೈನ್ಸ್ ಥಿಯೇಟರ್ 3000’ ಅನ್ನೋ ಅಮೆರಿಕದ ಹಾಸ್ಯದ ಟಿವಿ ಕಾರ್ಯಕ್ರಮ ಹಾಕಿಕೊಟ್ಟಳು. ಕಥೆ ಇಷ್ಟೇ: ಬಾಹ್ಯಾಕಾಶದಲ್ಲಿ ಸಿಕ್ಕಿಕೊಂಡ ಒಬ್ಬ ಮನುಷ್ಯ, ಅವನ ಜೊತೆ ರೋಬೋಟುಗಳು. ಭೂಮಿಯಿಂದ ಹುಚ್ಚು ವಿಜ್ಞಾನಿಗಳು ಅವರಿಗೆ ಹಳೆಯ ಕೆಟ್ಟ ಸಿನಿಮಾ ಕಳಿಸುತ್ತಾರೆ. ಪರದೆಯ ಕೆಳಗೆ ಮೂರು ಕಪ್ಪು ತಲೆಗಳು: ಆ ಮನುಷ್ಯ, ಎರಡು ರೋಬೋಟು. ಸಿನಿಮಾ ಓಡುತ್ತಿದ್ದಂತೆ ಅದನ್ನು ಗೇಲಿ ಮಾಡುವ ಇವರ ಮಾತು ಶುರು.

ಜೋಯೆಲ್ ಹಾಡ್ಗ್‌ಸನ್ ಇದನ್ನು 1988ರಲ್ಲಿ ಮಿನಿಯಾಪೊಲಿಸ್ ಕಡೆಯ ಸ್ಥಳೀಯ ಟಿವಿಯಲ್ಲಿ ಆರಂಭಿಸಿದರು. ಟಾಮ್ ಸರ್ವೋ ಅನ್ನೋ ರೋಬೋಟಿನ ತಲೆ ಬಬಲ್‌ಗಮ್ ಯಂತ್ರದ ಬುರುಡೆ! ಆ ಕೈಗೆಲಸ ನೋಡಿದರೆ ನನಗೆ ಈಗಲೂ ಖುಷಿ.

ನನ್ನ ಅಚ್ಚುಮೆಚ್ಚು ‘ಮ್ಯಾನೋಸ್: ದಿ ಹ್ಯಾಂಡ್ಸ್ ಆಫ್ ಫೇಟ್’ ಕಂತು. 1966ರ ಆ ಸಿನಿಮಾ ಮಾಡಿದವರು ಗೊಬ್ಬರ ಮಾರುತ್ತಿದ್ದ ಹ್ಯಾರಲ್ಡ್ ವಾರೆನ್. ಶುರುವಿನಲ್ಲಿ ಕಾರು ಹೋಗುತ್ತದೆ, ಹೋಗುತ್ತಲೇ ಇರುತ್ತದೆ. ಒಬ್ಬಳೇ ನೋಡಿದ್ದರೆ ಅಲ್ಲೇ ನಿಲ್ಲಿಸುತ್ತಿದ್ದೆ. ಇವರ ಜೊತೆ ಆ ರಸ್ತೆಯೂ ಇಷ್ಟವಾಯಿತು. ಆ ಸಿನಿಮಾದ ದಪ್ಪ ಮೊಣಕಾಲಿನ ಪಾತ್ರ ಟೋರ್ಗೋ ತಡವರಿಸುತ್ತಾ ನಡೆದಾಗ ನಕ್ಕೂ ನಕ್ಕೂ ಕಾಲು ನೋವೇ ಮರೆತೆ. ಇವರ ಗೇಲಿಯಲ್ಲಿ ವಿಷ ಇಲ್ಲ. ಸಿನಿಮಾವನ್ನು ಕಣ್ಣು ಮಿಟುಕಿಸದೆ ನೋಡಿದವರಷ್ಟೇ ಹೀಗೆ ಆಡಿಕೊಳ್ಳಬಲ್ಲರು, ಅಲ್ವಾ?

ಮಧ್ಯೆ ಬರುವ ಚಿಕ್ಕ ನಾಟಕಗಳು ಕೆಲವು ಸಪ್ಪೆ. ಆಗಿನ ಅಮೆರಿಕದ ಟಿವಿ ಜಾಹೀರಾತಿನ ಮಾತುಗಳು ಜಾಸ್ತಿ, ಅವು ನನಗೆ ತಲುಪಲಿಲ್ಲ. ಸಬ್‌ಟೈಟಲ್ ಹಾಕಿಕೊಳ್ಳಿ, ಸಿನಿಮಾದ ಮಾತು, ಇವರ ಮಾತು ಎರಡೂ ಒಟ್ಟಿಗೆ ಬರುತ್ತವೆ.

1996ರಲ್ಲಿ ಥಿಯೇಟರಿಗೆ ಬಂದ ಇದೇ ಕಾರ್ಯಕ್ರಮದ ಸಿನಿಮಾದಿಂದ ಶುರು ಮಾಡಬೇಡಿ. ಅಲ್ಲಿ ಇವರ ಗೇಲಿಗೆ ಸಿಕ್ಕಿಬಿದ್ದ ‘ದಿಸ್ ಐಲೆಂಡ್ ಅರ್ತ್’ ನನಗೆ ನಿಜಕ್ಕೂ ಚೆಂದದ ಸಿನಿಮಾ.