ಡ್ರಾಪ್‌ಇನ್ ಫಿಲ್ಟರಾ, ಕೋಲ್ಡ್ ಏರ್ ಇಂಟೇಕಾ?

ಡಿಸೆಂಬರ್ ಚಳಿಯಲ್ಲಿ ಕಾರಿಗೆ ಹೊಸ ಇಂಟೇಕ್ (ಇಂಜಿನ್‌ಗೆ ಗಾಳಿ ಎಳೆಯುವ ಪೈಪು, ಫಿಲ್ಟರ್) ಹಾಕಿಸಿದರೆ ಮೊದಲ ದಿನವೇ ಪಿಕಪ್ ಜಾಸ್ತಿ ಅನಿಸುತ್ತದೆ. ಅದನ್ನು ಪೂರ್ತಿ ನಂಬಬೇಡಿ. ತಣ್ಣನೆ ಗಾಳಿ ದಟ್ಟವಾಗಿರುತ್ತದೆ, 30 ಡಿಗ್ರಿಯಿಂದ 15ಕ್ಕೆ ಇಳಿದರೆ ಸುಮಾರು 5% ಜಾಸ್ತಿ, ಇಂಜಿನ್‌ಗೆ ಆಮ್ಲಜನಕವೂ ಅಷ್ಟು ಹೆಚ್ಚು, ಹಾಗಾಗಿ ಬೆಳಗಿನ ಹೊತ್ತು ಕಂಪನಿಯೇ ಕೊಟ್ಟ ಫಿಲ್ಟರ್ ಡಬ್ಬಿ, ಅಂದರೆ ಏರ್‌ಬಾಕ್ಸ್ ಇರುವ ಪೆಟ್ರೋಲ್ ಕಾರೂ ಚುರುಕಾಗೇ ಓಡುತ್ತದೆ.

ಹಳೇ ಡಬ್ಬಿಯಲ್ಲೇ ಕೂರುವ ಡ್ರಾಪ್‌ಇನ್ ಫಿಲ್ಟರ್ ಅಗ್ಗ, ಕ್ಲಿಪ್ ಬಿಚ್ಚಿ ಹಾಕಿದರೆ ಆಯಿತು, ತೊಳೆದು ಮತ್ತೆ ಬಳಸುವಂಥದ್ದೂ ಸಿಗುತ್ತದೆ. ತೊಳೆದ ಮೇಲೆ ಅದಕ್ಕೆ ಎಣ್ಣೆ ಜಾಸ್ತಿ ಸವರಿದರೆ ಮಾತ್ರ ಗಾಳಿ ಅಳೆಯುವ ಏರ್‌ಫ್ಲೋ ಸೆನ್ಸರ್ ಕೊಳೆಯಾಗುತ್ತದೆ. ಡಬ್ಬಿ ತೆಗೆದು ಗಿಡ್ಡ ಪೈಪಿನ ತುದಿಗೆ ಫಿಲ್ಟರ್ ಹಾಕುವ ಶಾರ್ಟ್ ರ‍್ಯಾಮ್ ಒಳ್ಳೇ ಸದ್ದು ಕೊಡುತ್ತದೆ, ಆದರೆ ಎಳೆಯುವುದು ಬಾನೆಟ್ ಒಳಗಿನ ಬಿಸಿ ಗಾಳಿಯನ್ನೇ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ನಿಂತರೆ ಚಳಿಯ ಲಾಭವೆಲ್ಲ ಹೋಯಿತು ಅಲ್ವಾ?

ಪೂರ್ತಿ ಕೋಲ್ಡ್ ಏರ್ ಇಂಟೇಕ್ ಹೊರಗಿನ ಗಾಳಿ ಎಳೆಯುತ್ತದೆ, ನಿಜ. ಆದರೆ ಎಷ್ಟೋ ಕಿಟ್‌ಗಳಲ್ಲಿ ಫಿಲ್ಟರ್ ಬಂಪರ್ ಹಿಂದೆ ತಗ್ಗಿನಲ್ಲಿರುತ್ತದೆ, ಮಳೆಗಾಲದಲ್ಲಿ ಅಂಡರ್‌ಪಾಸ್ ನೀರು ಒಳಗೆ ಹೋದರೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗಿ ಇಂಜಿನ್ನೇ ಕೆಡಬಹುದು. ಬೆಂಗಳೂರಲ್ಲಿ ದಿನಾ ಓಡಿಸುವ ಕಾರಿಗೆ ಇದು ಬೇಡವೇ ಬೇಡ. ನನ್ನ ಓಟು ಡ್ರಾಪ್‌ಇನ್‌ಗೆ.

ಕಿಟ್ಟೇ ಬೇಕು ಅಂದರೆ ಬಿಸಿಲು ಏರಿದ ಮೇಲೆ ಹಾಕಿ. ಚಳಿಗೆ ರಬ್ಬರ್ ಹೋಸ್ ಬಿಗಿಯಾಗಿದ್ದರೆ ಬಿಸಿನೀರಲ್ಲಿ ಅದ್ದಿ, ಒರೆಸಿ, ಆಮೇಲೆ ಕೂರಿಸಿ. ಒಂದೆರಡು ದಿನ ಓಡಿಸಿ ಕ್ಲಾಂಪ್ ಮತ್ತೆ ನೋಡಿ, ಸಡಿಲವಾಗಿದ್ದರೆ ಸೋಸದ ಧೂಳು ನೇರ ಇಂಜಿನ್‌ಗೆ ಹೋಗುತ್ತದೆ.