ಹಳೇ ಕಂಪನಿ ಪಿಸಿಗೆ ಗ್ರಾಫಿಕ್ಸ್ ಕಾರ್ಡ್ ಹಾಕಿಸೋರು ಮೊದಲು ಇದನ್ನ ಓದ್ರಿ

ಗದಗಿನಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆ ಬ್ಯಾನರ್ ಮಾಡ್ತೀನಿ. ಕಂಪ್ಯೂಟರ್ ಯಾವುದೋ ಆಫೀಸಿನವರು ಬಳಸಿ ಮಾರಿದ್ದು, ನಾಲ್ಕನೇ ಜನರೇಶನ್ ಐ5. ಪತ್ರಿಕೆ ಕೆಲಸಕ್ಕೆ ಯಾವತ್ತೂ ಕೈಕೊಟ್ಟಿರಲಿಲ್ಲ. ನನ್ನ ತಮ್ಮ ಮದುವೆ ವಿಡಿಯೋ ಎಡಿಟಿಂಗ್ ಹಿಡಿದ ಮೇಲೆ ತ್ರಾಸು ಶುರುವಾಯ್ತು, ವಿಡಿಯೋ ನಿಂತು ನಿಂತು ಓಡೋದು. "ಅಣ್ಣಾ, ಒಂದು ಗ್ರಾಫಿಕ್ಸ್ ಕಾರ್ಡ್ ಹಾಕಿಸಿಬಿಡೂಣು" ಅಂದ. ಚಿತ್ರ, ವಿಡಿಯೋ ಕೆಲಸ ನೋಡ್ಕೊಳ್ಳೋ ಬೇರೆ ಬೋರ್ಡ್ ಅದು.

ಸಿಪಿಯು ಚೀಲದಲ್ಲಿ ಹಾಕ್ಕೊಂಡು ಬಸ್ ಹತ್ತಿ ಹುಬ್ಬಳ್ಳಿಗೆ ಹೋದ್ವಿ. ಅಂಗಡಿಯವರು ಎನ್‌ವಿಡಿಯಾ ಕಂಪನಿಯ ಜಿಟಿಎಕ್ಸ್ 1050 ಟಿಐ, 4 ಜಿಬಿ, ಸೆಕೆಂಡ್ ಹ್ಯಾಂಡ್ 4,500 ರೂಪಾಯಿಗೆ ಕೊಡ್ತೀನಿ ಅಂದ್ರು. ಕಾರ್ಡಿನ ಹಿಂದೆ ನೀಲಿ ಬಣ್ಣದ ವಿಜಿಎ ಪೋರ್ಟ್ (ಹಳೇ ಮಾನಿಟರಿನ ವೈರ್ ಚುಚ್ಚೋ ಜಾಗ) ಇತ್ತು. ನಮ್ಮ ಮಾನಿಟರ್ ಹಳೇದು, ವಿಜಿಎ ಒಂದೇ ಇರೋದು. ಕನ್ವರ್ಟರ್ ಖರ್ಚು ಉಳೀತು ಅಂತ ನನಗೆ ಸಮಾಧಾನ ಆಯ್ತು. ಮೋಸ ಕಣ್ಣಿಗೆ ಕಾಣಬೇಕಾಗಿದ್ದು ಅಲ್ಲೇ. 2016ರಲ್ಲಿ ಬಂದ ಈ 10ನೇ ಸೀರೀಸ್ ಚಿಪ್‌ಗಳಿಂದ ಎನ್‌ವಿಡಿಯಾ ವಿಜಿಎಗೆ ಬೇಕಾದ ಅನಲಾಗ್ ಸಿಗ್ನಲ್ಲನ್ನೇ ತೆಗೆದುಹಾಕಿದೆ. 1050 ಟಿಐ ಅಂತ ಹೇಳಿ ವಿಜಿಎ ಪೋರ್ಟ್ ಇರೋ ಕಾರ್ಡ್ ಕೊಟ್ಟರೆ ಅದನ್ನು ಮುಟ್ಟಲೇಬೇಡಿ.

ಕಾರ್ಡಿನ ತುದಿಯಲ್ಲಿ ಆರು ಪಿನ್ನಿನ ಪವರ್ ಸಾಕೆಟ್ ಇತ್ತು. ನಮ್ಮ ಎಸ್‌ಎಂಪಿಎಸ್ (ಕಂಪ್ಯೂಟರ್ ಒಳಗೆ ಕರೆಂಟ್ ಹಂಚೋ ಡಬ್ಬಿ) 290 ವ್ಯಾಟಿನದು, ಅದರಲ್ಲಿ ಆರು ಪಿನ್ನಿನ ವೈರೇ ಇಲ್ಲ. ಅವರು ಡ್ರಾದಿಂದ ಒಂದು ಗೇಣುದ್ದದ ಕನ್ವರ್ಟರ್ ಕೇಬಲ್ ತೆಗೆದ್ರು. ಒಂದು ತುದಿ ಹಾರ್ಡ್ ಡಿಸ್ಕಿಗೆ ಹೋಗುವ ಸಾಟಾ ಪವರ್ ವೈರಿಗೆ, ಇನ್ನೊಂದು ತುದಿ ಕಾರ್ಡಿಗೆ. "ಏನೂ ಆಗೂದಿಲ್ಲರಿ ಸರ, ಎಲ್ಲಾರಿಗೂ ಹಿಂಗ ಹಾಕಿ ಕೊಡ್ತೀವಿ" ಅಂದ್ರು. ಕಾರ್ಡ್ ನಡೆಸೋ ಸಾಫ್ಟ್‌ವೇರ್, ಅಂದ್ರೆ ಡ್ರೈವರ್, ಪೆನ್‌ಡ್ರೈವಿನಿಂದ ಹಾಕಿ, "ಇದನ್ನ ಅಪ್‌ಡೇಟ್ ಮಾತ್ರ ಮಾಡಬ್ಯಾಡ್ರಿ" ಅಂತ ಎರಡು ಸಲ ಹೇಳಿದ್ರು. ಯಾಕೆ ಅಂತ ನಾನು ಕೇಳಲಿಲ್ಲ. ಪಕ್ಕಾ ಬಿಲ್ಲೂ ಕೇಳಲಿಲ್ಲ.

ಹನ್ನೊಂದನೇ ದಿನ ರಾತ್ರಿ ತಮ್ಮ ಎಡಿಟ್ ಮಾಡಿದ ಒಂದು ಮದುವೆ ವಿಡಿಯೋ ರೆಂಡರ್‌ಗೆ (ಪೂರ್ತಿ ಫೈಲ್ ತಯಾರಾಗೋಕೆ) ಹಾಕಿ ಊಟಕ್ಕೆ ಕೂತಿದ್ದ. ಪ್ಲಾಸ್ಟಿಕ್ ಸುಟ್ಟ ಕಮಟು ವಾಸನೆ. ಓಡಿಹೋಗಿ ಸ್ವಿಚ್ ತೆಗೆಯೋದರೊಳಗೆ ಕಂಪ್ಯೂಟರ್ ತಾನೇ ಆಫ್ ಆಗಿತ್ತು. ಕ್ಯಾಬಿನೆಟ್ ಬಿಚ್ಚಿದರೆ ಆ ಕನ್ವರ್ಟರಿನ ಸಾಟಾ ಪ್ಲಗ್ ಕರಗಿ ಬೆಲ್ಲದ ಪಾಕದ ಹಾಗೆ ಇಳಿದಿತ್ತು, ಹಳದಿ ವೈರಿನ ಮೇಲಿನ ರಬ್ಬರ್ ಕಪ್ಪಗೆ ಗುಳ್ಳೆ ಎದ್ದಿತ್ತು. ಅದೇ ವೈರಿನಲ್ಲಿದ್ದ ಹಾರ್ಡ್ ಡಿಸ್ಕ್ ಮತ್ತೆ ತಿರುಗಲೇ ಇಲ್ಲ. ಮದುವೆಯ ಶೂಟಿಂಗ್ ಮೆಮೊರಿ ಕಾರ್ಡಿನಲ್ಲಿ ಹಾಗೇ ಇತ್ತು, ಆ ಮನೆಯವರ ಮುಂದೆ ತಲೆ ತಗ್ಗಿಸೋದು ತಪ್ಪಿತು. ನನ್ನ ಎಂಟು ವರ್ಷದ ಪತ್ರಿಕೆ ಫೈಲುಗಳು ಹೋದವು. "ಅಕ್ಕನ ಲಗ್ನದ್ದು ಮಾಡಿದ್ರಲ್ಲ, ಅದೇ ಡಿಸೈನ್ ಹಾಕ್ರಿ" ಅಂತ ಈಗಲೂ ಜನ ಬರ್ತಾರೆ. ಅವರಿಗೆ ಇಲ್ಲ ಅನ್ನುವಾಗ ಸಂಕಟ ಆಗ್ತದೆ.

ಬೆಟಗೇರಿಯಲ್ಲಿ ರಿಪೇರಿ ಮಾಡೋ ಗೆಳೆಯನೊಬ್ಬ ಆ ಕಾರ್ಡನ್ನು ಬೇರೆ ಮಷಿನ್‌ಗೆ ಹಾಕಿ ಜಿಪಿಯು-ಝಡ್ ಅನ್ನೋ ಉಚಿತ ಸಾಫ್ಟ್‌ವೇರ್ ಓಡಿಸಿದ. ಹೆಸರಿನ ಮುಂದೆಯೇ 'ಫೇಕ್' ಅಂತ ಬಂತು. ಒಳಗಿದ್ದದ್ದು 2010ರ ಜಿಟಿಎಸ್ 450 ಚಿಪ್, ಬಯಾಸ್, ಅಂದ್ರೆ ಕಾರ್ಡಿನೊಳಗೇ ಇರೋ ಸಾಫ್ಟ್‌ವೇರ್, ತಿದ್ದಿ ಹೊಸ ಹೆಸರು ಕೊಟ್ಟಿದ್ದಾರೆ. ನಿಜವಾದ 1050 ಟಿಐನಲ್ಲಿ 768 ಕೋರ್ (ಲೆಕ್ಕ ಮಾಡೋ ಸಣ್ಣ ಘಟಕ) ಇರ್ತವೆ, ಇದರಲ್ಲಿ 192. ಡ್ರೈವರ್ ಅಪ್‌ಡೇಟ್ ಮಾಡಬೇಡಿ ಅಂದಿದ್ದು ಯಾಕೆ ಅಂತ ಆಗ ತಿಳೀತು, ಅಸಲಿ ಹೊಸ ಡ್ರೈವರ್ ಈ ತಿದ್ದಿದ ಕಾರ್ಡನ್ನು ಒಪ್ಪೋದಿಲ್ಲ. ಸುಟ್ಟಿದ್ದಕ್ಕೂ ಲೆಕ್ಕ ಸಿಕ್ಕಿತು. ಅಸಲಿ 1050 ಟಿಐ 75 ವ್ಯಾಟಿನದು, ಅಷ್ಟನ್ನು ಮದರ್‌ಬೋರ್ಡಿನ ಸ್ಲಾಟೇ ಕೊಡಬಲ್ಲದು. ಅದಕ್ಕೇ ಬೇರೆ ವೈರ್ ಬೇಡದ 1050 ಟಿಐ ಕಾರ್ಡುಗಳು ಸಿಗ್ತವೆ. ಜಿಟಿಎಸ್ 450 ಎಳೆಯೋದು 106 ವ್ಯಾಟ್, ಸ್ಲಾಟಿನ ಜೊತೆ ಆ ವೈರಿನಿಂದಲೂ ಎಳೀತದೆ. ಆರು ಪಿನ್ನಿನ ಸಾಕೆಟ್ 75 ವ್ಯಾಟ್ ಲೆಕ್ಕದ್ದು, ಸಾಟಾ ಪ್ಲಗ್ 12 ವೋಲ್ಟಿನಲ್ಲಿ ತಾಳೋದು 54 ವ್ಯಾಟ್ ಮಾತ್ರ. ಅದರಲ್ಲೂ ಅಗ್ಗದ ಕನ್ವರ್ಟರುಗಳಲ್ಲಿ ಪಿನ್ ಸರಿಯಾಗಿ ಕೂತಿರೋದಿಲ್ಲ, ಸಡಿಲ ಇದ್ದಲ್ಲಿ ಬಿಸಿಯಾಗ್ತದೆ.

ಎಸ್‌ಎಂಪಿಎಸ್ಸೂ ಹೋಗಿತ್ತು. ಹೊಸದು ತಂದರೆ ಅದರ 24 ಪಿನ್ನಿನ ಪ್ಲಗ್ ನಮ್ಮ ಬೋರ್ಡಿಗೆ ಕೂಡಲಿಲ್ಲ. ಕೆಲವು ಕಂಪನಿ ಪಿಸಿಗಳಲ್ಲಿ ಅಲ್ಲಿ ಎಂಟೇ ಪಿನ್ ಇರ್ತವೆ. ಅದೇ ಮಾಡೆಲ್ಲಿನ ಹಳೇದು ಹುಡುಕೋದರಲ್ಲಿ ಎರಡು ವಾರ ಅಂಗಡಿ ಬಂದ್.

ಹಾಕಿಸಲೇಬೇಕು ಅಂದ್ರೆ ಮೊದಲು ಕ್ಯಾಬಿನೆಟ್ ಬಿಚ್ಚಿ ಎಸ್‌ಎಂಪಿಎಸ್ ಮೇಲಿನ ಚೀಟಿ ಓದ್ರಿ. ಆರು ಪಿನ್ನಿನ ವೈರ್ ಇಲ್ಲದಿದ್ರೆ ವೈರ್ ಬೇಡದ ಕಾರ್ಡೇ ತಗೊಳ್ರಿ. 30 ವ್ಯಾಟಿನ ಜಿಟಿ 1030 ಇದೆ. ಅದರಲ್ಲೂ ಡಿಡಿಆರ್4 ಮೆಮೊರಿ ಇರೋದು ಬೇಡ, ಬಹಳ ನಿಧಾನ, ಜಿಡಿಡಿಆರ್5 ಕೇಳ್ರಿ. ತೆಳ್ಳನೆ ಕ್ಯಾಬಿನೆಟ್ ಆದ್ರೆ ಲೋ ಪ್ರೊಫೈಲ್ (ಎತ್ತರ ಕಡಿಮೆ ಇರೋ) ಕಾರ್ಡೇ ಬೇಕು. ದುಡ್ಡು ಎಣಿಸೋ ಮೊದಲು ಅಂಗಡಿಯಲ್ಲೇ ಜಿಪಿಯು-ಝಡ್ ಓಡಿಸಿ ತೋರಿಸಂತ ಹೇಳ್ರಿ, ಮಾಡೆಲ್ ಹೆಸರು, ಸೀರಿಯಲ್ ನಂಬರ್ ಬರೆದ ಬಿಲ್ ತಗೊಳ್ರಿ. ನಾನು ವಾಪಸ್ ಹೋದಾಗ ಅವರು ಕೇಳಿದ ಮೊದಲ ಮಾತೇ "ಬಿಲ್ ಐತೇನ್ರಿ?"

ಆ ಕಾರ್ಡು, ಕರಗಿದ ಕನ್ವರ್ಟರ್ ಎರಡೂ ನನ್ನ ಡ್ರಾದಲ್ಲಿ ಇವೆ. ಕಾರ್ಡನ್ನು ಮಾರಿ ಅರ್ಧ ದುಡ್ಡು ತೆಗಿ ಅಂದವರಿದ್ದಾರೆ. ಇನ್ನೊಬ್ಬರ ಮನೆಗೆ ಅದು ಹೋಗೋದು ಬೇಡ ಅಂತ ಪೋರ್ಟಿನ ಪಕ್ಕ ಮಾರ್ಕರಿನಲ್ಲಿ 'ನಕಲಿ' ಅಂತ ಬರೆದಿಟ್ಟೀನಿ.